ರಾತ್ರಿ ಮೂರರ ನೀರು

ಇಂಟರ್ನ್‌ಶಿಪ್‌ಗೆಂದು ಚಿಕ್ಕಮಗಳೂರಿನ ನಮ್ಮ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಬರುವ ಸಿವಿಲ್ ವಿದ್ಯಾರ್ಥಿಗಳು ಮೊದಲ ದಿನ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಗೇಟು ದಾಟುತ್ತಾರೆ. ಊರಿನವರಾಗಲಿ, ಹಾಸನದಿಂದ ಬಂದವರಾಗಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಅವರನ್ನು ಸೀದಾ ಕೊಳಚೆಗೆ ಗಾಳಿ ಊದುವ ಏರೇಷನ್ ಟ್ಯಾಂಕಿನ ಕಟ್ಟೆಗೆ ಕರೆದೊಯ್ದು ಕರವಸ್ತ್ರ ತೆಗೆಯಲು ಹೇಳುತ್ತೇನೆ. ಅಲ್ಲಿ ನಾರುವುದಿಲ್ಲ. ಗಾಳಿ ಚೆನ್ನಾಗಿ ಸಿಗುತ್ತಿರುವ ಟ್ಯಾಂಕಿನಿಂದ ಬರುವುದು ನೆನೆದ ಮಣ್ಣಿನ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಗಾಳಿ ಸಾಲುತ್ತಿಲ್ಲ, ಬ್ಲೋವರ್ ನೋಡಬೇಕು ಎಂದು ಅರ್ಥ.

ಇದಕ್ಕೆ ತದ್ವಿರುದ್ಧವಾದ ಪಾಠವೊಂದನ್ನೂ ಅದೇ ದಿನ ಹೇಳಬೇಕಾಗುತ್ತದೆ. ಮ್ಯಾನ್‌ಹೋಲ್ ಹತ್ತಿರ ಮೂಗನ್ನು ನಂಬಬಾರದು. ಆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗ ಮುಟ್ಟಿದರೆ ಮೂಗೇ ಮರಗಟ್ಟುತ್ತದೆ. ವಾಸನೆ ಹೋಯಿತು, ಇನ್ನೇನೂ ಭಯವಿಲ್ಲ ಎಂದುಕೊಂಡವನು ಅಲ್ಲೇ ಕುಸಿಯುತ್ತಾನೆ. ರಕ್ಷಣಾ ಸಲಕರಣೆಯಿಲ್ಲದೆ ಯಾರನ್ನಾದರೂ ಒಳಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ವಿದ್ಯಾರ್ಥಿಗಳಿಗಂತೂ ಬಾಗಿ ನೋಡುವುದಕ್ಕೂ ನಾನು ಬಿಡುವುದಿಲ್ಲ.

ಆಮೇಲೆ ಅವರ ಕೈಗೆ ಒಂದು ಲೀಟರಿನ ಗಾಜಿನ ಜಾಡಿ ಕೊಡುತ್ತೇನೆ. ಕಂಪ್ಯೂಟರ್ ಪರದೆ ತೋರಿಸುತ್ತಾರೆಂದು ಬಂದವರಿಗೆ ಇದರಿಂದ ಬೇಸರವಾಗುವುದು ಸಹಜ. ಟ್ಯಾಂಕಿನ ನೀರನ್ನು ಜಾಡಿಗೆ ತುಂಬಿ, ಅಲುಗಾಡಿಸದೆ ಮೂವತ್ತು ನಿಮಿಷ ಕುಳಿತು ನೋಡಬೇಕು, ಅಷ್ಟೇ. ಮೊದಲಿಗೆ ಜಾಡಿ ಪೂರ್ತಿ ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ. ಐದು ನಿಮಿಷದಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಹತ್ತಿಯ ಎಳೆಗಳಂತೆ ಇಳಿಯತೊಡಗುತ್ತವೆ, ಮೇಲೆ ತಿಳಿನೀರು ಬಿಟ್ಟುಕೊಳ್ಳುತ್ತದೆ. ಅರ್ಧ ಗಂಟೆಗೆ ಕೆಸರು 250 ಮಿಲಿಲೀಟರ್ ಗೆರೆಗೆ ಬಂದು ನಿಂತಿತು ಎನ್ನೋಣ. ಲೀಟರಿಗೆ 2,500 ಮಿಲಿಗ್ರಾಂ ಕೆಸರಿದ್ದರೆ ಸೂಚ್ಯಂಕ (ಒಂದು ಗ್ರಾಂ ಕೆಸರು ಕುಳಿತಾಗ ಹಿಡಿಯುವ ಮಿಲಿಲೀಟರ್) 100, ಅಂದರೆ ಈ ಕೆಸರಿನಲ್ಲಿದ್ದು ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಕ್ಷೇಮ. ಪುಸ್ತಕದಲ್ಲಿ ಮೆರೆಯುವ ಬಿಒಡಿ ಪರೀಕ್ಷೆಗೆ (ಕೊಳೆ ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಫಲಿತಾಂಶ ಕೈಸೇರುವಷ್ಟರಲ್ಲಿ ಆ ನೀರು ಹಳ್ಳ ಹಿಡಿದು ಯಗಚಿ ನದಿಯ ಕಡೆಗೆ ಹೋಗಿಯಾಗಿರುತ್ತದೆ. ನದಿಯ ಕೆಳಹರಿವಿನಲ್ಲಿ ಬೇಲೂರಿದೆ. ಹಾಗಾಗಿ ದಿನದ ಆಡಳಿತವೆಲ್ಲ ಜಾಡಿಯದ್ದೇ.

ಒಂದು ವರ್ಷ ಬಂದಿದ್ದ ಹುಡುಗಿ ಲೆಕ್ಕದಲ್ಲಿ ಬಹಳ ಚುರುಕು. ಎರಡನೇ ದಿನವೇ ಊರಿನ ಕೊಳಚೆಯ ಲೆಕ್ಕ ಹಾಕಿ ತಂದಳು: 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1.18 ಲಕ್ಷ, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡ 80ರಷ್ಟು ಒಳಚರಂಡಿಗೆ, ಅಂದರೆ ದಿನಕ್ಕೆ 1.27 ಕೋಟಿ ಲೀಟರ್. ಅತಿ ಹೆಚ್ಚು ಹರಿವಿನ ಹೊತ್ತಿಗೆ ಸರಾಸರಿಯ 2.25 ಪಟ್ಟು. ಒಳಚರಂಡಿ ವಿನ್ಯಾಸದ ಕೈಪಿಡಿಯ ಪ್ರಕಾರ ಒಂದಂಕಿಯೂ ತಪ್ಪಿಲ್ಲ. ‘ಸರಿ, ಈಗ ಗಂಟೆಗೊಮ್ಮೆ ಹರಿವು ಬರೆದುಕೊಳ್ಳಮ್ಮ’ ಎಂದೆ. ಪುನರ್ವಸು ಮಳೆ ಹಿಡಿದಿತ್ತು. ರಾತ್ರಿಯ ಹೊತ್ತಿನದನ್ನು ಶಿಫ್ಟಿನ ಆಪರೇಟರ್ ಬರೆದಿಡುತ್ತಿದ್ದರು.

ಒಳಚರಂಡಿಗೂ ಊರಿನದ್ದೇ ದಿನಚರಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಉಬ್ಬರ, ಸಂಜೆ ಇನ್ನೊಂದು, ರಾತ್ರಿ ಎರಡರಿಂದ ನಾಲ್ಕರವರೆಗೆ ಊರೆಲ್ಲ ಮಲಗಿರುವುದರಿಂದ ಇಳಿತ. ಆದರೆ ಅವಳ ಹಾಳೆಯಲ್ಲಿ ಇಳಿತವೇ ಇರಲಿಲ್ಲ. ಮೂರು ಗಂಟೆಯ ಅಂಕಿ ಬೆಳಗಿನದಕ್ಕೆ ಹೆಗಲೆಣೆಯಾಗಿ ನಿಂತಿತ್ತು. ‘ಸರ್, ಮೀಟರ್ ಕೆಟ್ಟಿದೆ’ ಎಂದಳು. ಮೀಟರ್ ಮೇಲೆ ತಪ್ಪು ಹೊರಿಸುವುದು ನಮ್ಮ ವೃತ್ತಿಯವರ ಹಳೆಯ ಚಾಳಿ. ಇಷ್ಟು ಬೇಗ ಅವಳಿಗೂ ಅಂಟಿತಲ್ಲ ಎಂದು ನಗು ಬಂತು.

ಉತ್ತರವನ್ನು ನಾನು ಹೇಳಲಿಲ್ಲ. ಛತ್ರಿ ಹಿಡಿದು, ಆಪರೇಟರ್ ಜೊತೆಗೆ ಒಂದು ಬಡಾವಣೆಗೆ ಕಳಿಸಿದೆ. ಅವರು ಒಂದು ಮನೆಯವರನ್ನು ಕೇಳಿಕೊಂಡು ಒಳಚರಂಡಿಗೆ ಸೇರುವ ಅಂಗಳದ ಚೇಂಬರಿನ ಕಲ್ಲು ಸರಿಸಿದರು. ಎರಡಡಿ ಆಳದ ಗುಂಡಿ. ಒಂದು ಪೈಪು ಬಚ್ಚಲಿನಿಂದ, ಒಂದು ಶೌಚಾಲಯದಿಂದ. ಮೂರನೆಯದರಿಂದ ಗುಳುಗುಳು ಸದ್ದು ಮಾಡುತ್ತ ಕುಡಿಯುವಷ್ಟು ತಿಳಿಯಾದ ನೀರು ಬೀಳುತ್ತಿತ್ತು. ತಾರಸಿಯ ಮಳೆನೀರು. ‘ಅಣ್ಣ, ಇದನ್ನು ರಸ್ತೆಬದಿಯ ಚರಂಡಿಗೆ ಬಿಡಬೇಕಲ್ಲವೇ?’ ಎಂದು ಕೇಳಿದಳಂತೆ. ಅವರು ಮಾತಾಡದೆ ಸಾಲಿನ ಉಳಿದ ಮನೆಗಳತ್ತ ಕೈ ತೋರಿಸಿದರಂತೆ.

ಮರಳಿ ಬಂದು, ಒದ್ದೆ ಬಟ್ಟೆಯಲ್ಲೇ ಕುಳಿತು ಲೆಕ್ಕ ಹಾಕಿದಳು. ಮೂವತ್ತು ನಲವತ್ತರ ಸೈಟಿನ ತುಂಬ ತಾರಸಿ, ದಿನಕ್ಕೆ 50 ಮಿಲಿಮೀಟರ್ ಮಳೆ: ಸುಮಾರು 5,500 ಲೀಟರ್. ನಾಲ್ಕು ಜನರಿರುವ ಮನೆಯ ಕೊಳಚೆ ದಿನಕ್ಕೆ 432 ಲೀಟರ್. ಒಂದು ತಾರಸಿ ಸುಮಾರು ಹದಿಮೂರು ಮನೆಗಳ ಕೊಳಚೆಗೆ ಸಮ. (ನನ್ನ ಮನೆಯ ಪೈಪೂ ಹಾಗೆಯೇ ಇತ್ತು. ಬೇರೆ ಮಾಡಿಸಲು ಕರೆಸಿದ ಪ್ಲಂಬರ್ ‘ಎಲ್ಲರೂ ಹೀಗೇ ಕೊಡಿಸುವುದು ಸರ್’ ಎಂದು ನನಗೇ ಬುದ್ಧಿ ಹೇಳಿದ.)

ಇಷ್ಟು ನೀರು ಒಮ್ಮೆಲೇ ನುಗ್ಗಿದಾಗ ಕೆಸರು ತಳಕ್ಕೆ ಇಳಿಯಲು ಪುರಸೊತ್ತಿರುವುದಿಲ್ಲ. ಕೆಸರು ಕೆಳಗಿಳಿಯುವ ತೊಟ್ಟಿಯಾದ ಕ್ಲಾರಿಫೈಯರ್‌ನ ಅಂಚು ದಾಟಿ, ನಾವು ತಿಂಗಳುಗಟ್ಟಲೆ ಸಾಕಿದ ಸೂಕ್ಷ್ಮಜೀವಿಗಳೆಲ್ಲ ಕೊಚ್ಚಿಹೋಗುತ್ತವೆ. ಮರುದಿನದ ಜಾಡಿಯಲ್ಲಿ ಅದು ಕಂಡಿತು: ಮೇಲಿನ ನೀರು ಮಬ್ಬು, ಕೆಳಗೆ ತೆಳ್ಳನೆಯ ಗಸಿ. ಅದನ್ನು ಅವಳೇ ಲಾಗ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ‘ಮಳೆ’ ಎಂದು ಗುರುತು ಹಾಕಿದಳು.

ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಹರಿವು ಸರಾಸರಿಯ ಎಷ್ಟು ಪಟ್ಟಿಗೆ ಏರುತ್ತದೆ ಎಂದು ಕೇಳಿದರಂತೆ. ‘2.25 ಸರ್, ಬೇಸಿಗೆಯಲ್ಲಿ’ ಎಂದಳಂತೆ.