ಹೆಪಟೈಟಿಸ್ ಸಿ ಮಾತ್ರೆ ಹಿಡಿಯುತ್ತದೋ ಇಲ್ಲವೋ, ರಕ್ತಪರೀಕ್ಷೆಯಲ್ಲಿ ಮೊದಲೇ ಗೊತ್ತಾಗುತ್ತದೆಯೇ?

ಪ್ರಶ್ನೆ: ನಮ್ಮ ಅಣ್ಣನಿಗೆ ಹೆಪಟೈಟಿಸ್ ಸಿ ಇದೆ ಎಂದು ಗೊತ್ತಾಗಿದೆ. ಮಾತ್ರೆ ಶುರು ಮಾಡುವ ಮುಂಚೆ ಐಎಲ್28ಬಿ ಎಂಬ ಜೀನ್ ಪರೀಕ್ಷೆ ಮಾಡಿಸಿದರೆ ಫಲ ಸಿಗುತ್ತದೋ ಇಲ್ಲವೋ ತಿಳಿಯುತ್ತದೆ ಎಂದು ಓದಿದೆವು. ಮಾಡಿಸಬೇಕೇ?

ಬೇಡ. ಆ ದುಡ್ಡು ಉಳಿಸಿ.

ಆ ಪರೀಕ್ಷೆಗೆ ಬೆಲೆ ಇದ್ದದ್ದು ಇಂಟರ್‌ಫೆರಾನ್ ಎಂಬ ಹಳೆಯ ಔಷಧಿಯ ಕಾಲದಲ್ಲಿ. ವಾರಕ್ಕೊಂದು ಇಂಜೆಕ್ಷನ್, ದಿನವೂ ರೈಬಾವಿರಿನ್ ಮಾತ್ರೆ. ಜೊತೆಗೆ ಜ್ವರ, ಮೈಕೈ ನೋವು, ರಕ್ತಹೀನತೆ, ಖಿನ್ನತೆ. ಜೀನೋಟೈಪ್ 1 (ಈ ವೈರಸ್ಸಿನ ಒಂದು ತಳಿ) ಇದ್ದವರು 48 ವಾರ ಇದನ್ನೆಲ್ಲ ಸಹಿಸಿಕೊಂಡರೂ ಗುಣವಾಗುತ್ತಿದ್ದುದು ಹೆಚ್ಚೆಂದರೆ ಅರ್ಧದಷ್ಟು ಜನ. 2009ರಲ್ಲಿ 19ನೇ ಕ್ರೋಮೋಸೋಮಿನಲ್ಲಿ, ಐಎಲ್28ಬಿ ಪಕ್ಕದ ಒಂದು ಸಣ್ಣ ವ್ಯತ್ಯಾಸ ಪತ್ತೆಯಾಯಿತು. ಆ ಜಾಗದಲ್ಲಿ 'ಸಿಸಿ' ಮಾದರಿ ಇದ್ದವರು ಗುಣವಾಗುವ ಸಾಧ್ಯತೆ 'ಟಿಟಿ' ಮಾದರಿಯವರಿಗಿಂತ ಎರಡು ಪಟ್ಟಿಗೂ ಮಿಕ್ಕಿ ಇತ್ತು. ರಕ್ತದಲ್ಲಿ ಐಪಿ-10 ಎಂಬ ಪ್ರೋಟೀನ್ ಹೆಚ್ಚಿದ್ದವರಿಗೆ ಇಂಟರ್‌ಫೆರಾನ್ ಅಷ್ಟಾಗಿ ಹಿಡಿಯುವುದಿಲ್ಲ ಎಂಬುದೂ ತಿಳಿದಿತ್ತು. ಇಂಟರ್‌ಫೆರಾನ್ ತಾನಾಗಿ ವೈರಸ್ಸನ್ನು ಕೊಲ್ಲುತ್ತಿರಲಿಲ್ಲ, ರೋಗಿಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತಿತ್ತು. ಹಾಗಾಗಿ ಅವರವರ ಜೀನ್ ಮುಖ್ಯವಾಗಿತ್ತು.

ಈಗಿನ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್, ವೆಲ್‌ಪಟಾಸ್ವಿರ್ ಮಾತ್ರೆಗಳು ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಪ್ರೋಟೀನುಗಳನ್ನೇ ನೇರವಾಗಿ ತಡೆಯುತ್ತವೆ. ಸಾಮಾನ್ಯವಾಗಿ 12 ವಾರದ ಚಿಕಿತ್ಸೆ. ನೂರಕ್ಕೆ 95ರ ಆಸುಪಾಸು ಜನ ಗುಣವಾಗುತ್ತಾರೆ. ಅಣ್ಣನದು ಸಿಸಿಯೋ ಟಿಟಿಯೋ ಎಂದು ತಿಳಿದರೂ ವೈದ್ಯರು ಬರೆಯುವ ಚೀಟಿ ಬದಲಾಗುವುದಿಲ್ಲ.

ಚೀಟಿ ಬದಲಾಗುವುದು ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ, ಅಂದರೆ ಸಿರೋಸಿಸ್ ಇದೆಯೇ ಎಂಬುದರ ಮೇಲೆ. ಅದರ ಸುಳಿವು ನಿಮ್ಮ ಕೈಯಲ್ಲಿರುವ ಮಾಮೂಲಿ ರಿಪೋರ್ಟಿನಲ್ಲೇ ಇರುತ್ತದೆ. ಎಸ್‌ಜಿಒಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ, ಎಎಸ್‌ಟಿ ಅಂತಲೂ ಬರೆದಿರುತ್ತಾರೆ) 90 ಇದೆ, ಲ್ಯಾಬಿನ ಗರಿಷ್ಠ ಮಿತಿ 40, ಪ್ಲೇಟ್‌ಲೆಟ್ ಒಂದು ಲಕ್ಷ ಅಂದುಕೊಳ್ಳಿ. 90ನ್ನು 40ರಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಅದರಿಂದ ಭಾಗಿಸಿ: 2.25. ಇದು ಎಪಿಆರ್‌ಐ ಅಂಕ. 2 ದಾಟಿದರೆ ಸಿರೋಸಿಸ್ ಅನುಮಾನ ಬಲವಾಗುತ್ತದೆ. ಅದೇ ಎಸ್‌ಜಿಒಟಿ 60, ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಇದ್ದರೆ 0.6 ಮಾತ್ರ. ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಆಲ್ಬುಮಿನ್, ಬಿಲಿರುಬಿನ್, ಸ್ಕ್ಯಾನ್ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಸಿರೋಸಿಸ್ ಮುಂದುವರಿದಿದ್ದರೆ ರೈಬಾವಿರಿನ್ ಸೇರಿಸುವುದೋ ಅವಧಿಯನ್ನು 24 ವಾರಕ್ಕೆ ಏರಿಸುವುದೋ ಉಂಟು. ಭಾರತದಲ್ಲಿ ಹೆಚ್ಚು ಕಾಣುವ ಜೀನೋಟೈಪ್ 3ರಲ್ಲಿ ಈ ಎಚ್ಚರಿಕೆ ಇನ್ನಷ್ಟು ಬೇಕು.

ಹೆಪಟೈಟಿಸ್ ಬಿ ಇದೆಯೇ ಎಂದು ನೋಡುವ ಎಚ್‌ಬಿಎಸ್‌ಎಜಿ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಎರಡೂ ಇದ್ದವರಲ್ಲಿ ಸಿ ತಗ್ಗಿದಂತೆ ಬಿ ಕೆರಳಬಹುದು. ಟಿಬಿಗೆ ರಿಫಾಂಪಿಸಿನ್ ಅಥವಾ ಫಿಟ್ಸಿಗೆ ಫೆನಿಟಾಯ್ನ್, ಕಾರ್ಬಮಜೆಪೈನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮೊದಲೇ ಹೇಳಿ. ಅವು ಈ ಮಾತ್ರೆಗಳ ಬಲ ಕುಗ್ಗಿಸುತ್ತವೆ.

ಖರ್ಚಿನ ಚಿಂತೆ ಇದ್ದರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಮಾತ್ರೆ ಮುಗಿದು 12 ವಾರವಾದ ಮೇಲೆ ವೈರಲ್ ಲೋಡ್ ಪರೀಕ್ಷೆ ಮಾಡಿಸಲೇಬೇಕು. ಆಗ ವೈರಸ್ ಸಿಗದಿದ್ದರೆ ಗುಣವಾದಂತೆ. ಆ್ಯಂಟಿ-ಎಚ್‌ಸಿವಿ (ಈ ವೈರಸ್ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ನೋಡುವ ಪರೀಕ್ಷೆ) ಮಾತ್ರ ಆಮೇಲೂ 'ಪಾಸಿಟಿವ್' ಬರುತ್ತಲೇ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಸಿರೋಸಿಸ್ ಇದ್ದವರು ಗುಣವಾದ ಮೇಲೂ ಲಿವರ್ ಕ್ಯಾನ್ಸರ್ ತಪಾಸಣೆಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಬೇಕು.