ಮಾತ್ರೆ ಕೊಟ್ಟಿದ್ದು ಸೆರಗಲ್ಲಿ ಕಟ್ಟಿಡೋಕಲ್ಲ

ಜಗಳೂರು ಕಡೆಯ ಒಬ್ಬ ಅಜ್ಜಿ, ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ, ಕೀಮೋ ನಡೀತಿದೆ. ವಾರಕ್ಕೆ ಅಂತ 42 ಮಾರ್ಫಿನ್ (ಅಫೀಮಿಂದ ಬರೋ ಜೋರು ನೋವಿನ ಔಷಧಿ) ಮಾತ್ರೆ ಕೊಟ್ಟು ಕಳ್ಸಿದ್ದೆ. ವಾಪಸ್ ಬಂದಾಗ ನೋವು ರೂಪಾಯಿಗೆ ಎಷ್ಟಾಣೆ ಉಳಿದಿದೆ ಅಂದ್ರೆ "ಹನ್ನೆರಡಾಣೆ ಐತ್ರೀ" ಅಂತಾರೆ. (ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂತ ಕೇಳ್ಬೇಕು, ಆದ್ರೆ ಹಳಬರಿಗೆ ಆಣೆ ಲೆಕ್ಕಾನೇ ಸಲೀಸು, ರೂಪಾಯಿಗೆ ಹದಿನಾರಾಣೆ.) ಮಾತ್ರೆ ಎಲ್ಲಮ್ಮಾ ಅಂದೆ, ಸೆರಗಿನ ಗಂಟು ಬಿಚ್ಚಿದ್ರು. 31 ಹಂಗೇ ಇದಾವೆ! "ಕೊನೆಗೆ ತಡಕೊಳ್ಳೋಕೆ ಆಗ್ದೇ ಇದ್ದಾಗ ಬೇಕಲ್ಲ ಸಾರ್, ಈಗ್ಲೇ ನುಂಗಿದ್ರೆ ಮುಂದೆ ಕೆಲಸ ಮಾಡಲ್ವಂತೆ."

ಈ 'ಮಾಡಲ್ವಂತೆ' ಕೇಳಿ ಕೇಳಿ ಸಾಕಾಗಿದೆ ನಂಗೆ.

ನೋಡ್ರಿ, ಈ ಮಾತ್ರೆ ಖರ್ಚಾಗಿಹೋಗೋ ಗಂಟಲ್ಲ. ನೋವು ಏರಿದ್ರೆ ಡೋಸ್ ಏರಿಸ್ತೀವಿ, ಇಷ್ಟೇ ಕೊನೆ ಅನ್ನೋ ಗೆರೆ ಇದಕ್ಕಿಲ್ಲ. ಸಾದಾ ಮಾರ್ಫಿನ್ ಮಾತ್ರೆ ಕೆಲಸ ಮಾಡೋದೇ ಸುಮಾರು 4 ಗಂಟೆ, ಅದಕ್ಕೇ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು, ರಾತ್ರಿ 10ಕ್ಕೆ ಎರಡು ಅಂತ ಬರೆದುಕೊಡೋದು. ನೋವು ಬಂದಾಗ ನೋಡೋಣ ಅಂತ ಕೂತ್ರೆ ಭತ್ತ ಒಣಗಿದ್ಮೇಲೆ ಚಾನಲ್ ನೀರು ಬಿಟ್ಟಂಗೆ, ಅದು ಏರಿ ಕೂತಿರುತ್ತೆ, ಇಳಿಸೋಕೆ ಜಾಸ್ತಿ ಬೇಕಾಗುತ್ತೆ, ರಾತ್ರಿ ನಿದ್ದೆ ಇಲ್ಲ, ನಿದ್ದೆ ಇಲ್ದೆ ಊಟ ಸೇರಲ್ಲ, ಊಟ ಇಲ್ದೆ ಮುಂದಿನ ಕೀಮೋ ತಡಕೊಳ್ಳೋ ಶಕ್ತಿ ಎಲ್ಲಿಂದ ಬರ್ಬೇಕು?

ಅಜ್ಜಿ ಮಗನಿಗೆ ಬೇರೆ ಭಯ, ಅಫೀಮಿಂದು, ಚಟ ಹತ್ತುತ್ತೆ ಅಂತ. ಕ್ಯಾನ್ಸರ್ ನೋವಿಗೆ ಡಾಕ್ಟ್ರು ಹೇಳ್ದಂಗೆ ತಗೊಂಡೋರಿಗೆ ಚಟ ಆಗೋದು ತೀರಾ ಅಪರೂಪ. 2014ರಲ್ಲಿ ಮಾದಕವಸ್ತು ಕಾನೂನೇ ತಿದ್ದಿ ಮಾರ್ಫಿನ್ ರೋಗಿಗಳಿಗೆ ಸಲೀಸಾಗಿ ಸಿಗ್ಲಿ ಅಂತ ಮಾಡಿದ್ರು, ಆದ್ರೆ ಮನೆಯವರು ಬಿಡಲ್ಲ. ಹಂಗಂತ ಒಬ್ರ ಮಾತ್ರೆ ಇನ್ನೊಬ್ರು ನುಂಗ್ಬೇಡಿ, ಕಿಡ್ನಿ ವೀಕ್ ಇದ್ರೆ ಲೆಕ್ಕಾನೇ ಬೇರೆ, ನಿಮ್ಮ ಡೋಸ್ ನಿಮ್ಮ ಡಾಕ್ಟ್ರೇ ಹೇಳ್ಬೇಕು. ಮೊದಲ ಎರಡು ಮೂರು ದಿನ ಮಂಪರು, ವಾಂತಿ ಬಂದಂಗೆ ಆಗ್ಬಹುದು, ಸಾಮಾನ್ಯವಾಗಿ ಕಮ್ಮಿ ಆಗುತ್ತೆ. ಎಬ್ಬಿಸಿದ್ರೂ ಏಳದಷ್ಟು ನಿದ್ದೆ ಅಂದ್ರೆ ಮಾತ್ರ ತಕ್ಷಣ ಕರ್ಕೊಂಡು ಬನ್ನಿ. ಮಲಬದ್ಧತೆ ತಾನಾಗೇ ಹೋಗಲ್ಲ, ಜೊತೆಗೆ ಕೊಟ್ಟ, ಮಲ ಸಲೀಸಾಗಿ ಹೋಗೋ ಔಷಧಿ ಬಿಡ್ಬೇಡಿ.

ಮೊಮ್ಮಗಳ ಮೊಬೈಲಲ್ಲಿ ಐದು ಅಲಾರಂ ಇಡ್ಸಿ ಕಳ್ಸಿದೆ. ಮುಂದಿನ ವಾರ "ಎರಡಾಣೆ" ಅಂತ ನಗ್ತಾ ಬಂದ್ರು, ರಾತ್ರಿ ಪೂರ್ತಿ ಮಲಗಿದ್ರಂತೆ, ಜಗಲಿ ಮೇಲೆ ಕೂತು ಮಂಡಕ್ಕಿ ತಿಂದ್ರಂತೆ. ಸೆರಗಲ್ಲಿ ಆಗ್ಲೂ ಗಂಟಿತ್ತು. ಬಿಚ್ಚಿಸಿದ್ರೆ ಎಲೆ ಅಡಿಕೆ! ಬೈಯ್ಯಬೇಕಿತ್ತು, ಅವತ್ತು ಬಾಯಿ ಬರ್ಲಿಲ್ಲ.