ಜ್ವರ ಬಿಟ್ಟ ಮೇಲಿನ ಎರಡು ದಿನ

‘ಜ್ವರ ಬಿಟ್ಟೈತ್ರಿ ಮೇಡಂ, ಇನ್ನ ಮನಿಗೆ ಕರ್ಕೊಂಡು ಹೋಗ್ತೀವಿ.’

ಮಳೆಗಾಲ ಮುಗಿದು ರಾಯಚೂರಿನ ಸುತ್ತಮುತ್ತ ಹತ್ತಿ ಬಿಡಿಸುವ ಹೊತ್ತಿಗೆ, ಡೆಂಗಿ ಮಕ್ಕಳ ವಾರ್ಡಿನಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಕೇಳುವವರ ತಪ್ಪಲ್ಲ. ಮೈ ತಣ್ಣಗಾದರೆ ಗುಣವಾಯಿತು ಅಂತಲೇ ನಾವೆಲ್ಲ ತಿಳಿದಿರುವುದು, ಅಲ್ವಾ?

ಡೆಂಗಿಯಲ್ಲಿ ಲೆಕ್ಕ ಉಲ್ಟಾ. ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವು ಮಕ್ಕಳಿಗೆ ಆಗಲೇ ರಕ್ತನಾಳದೊಳಗಿನ ನೀರಿನಂಶ ಹೊರಗೆ ಸೋರಿ ಹೊಟ್ಟೆ, ಎದೆಯಲ್ಲಿ ತುಂಬಿಕೊಳ್ಳುತ್ತದೆ. ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ, ನಾಡಿ ಕ್ಷೀಣಿಸುತ್ತದೆ, ಬಿಪಿ ಕುಸಿಯಬಹುದು. ಈ ಗಂಡಾಂತರ 24ರಿಂದ 48 ಗಂಟೆ. ಆ ಹೊತ್ತಿನಲ್ಲಿ ಸಲೈನ್ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಮನೆಯವರು ಪ್ಲೇಟ್‌ಲೆಟ್ ಎಷ್ಟಾಯಿತು ಅಂತ ಕೇಳುತ್ತಾರೆ. ನಾನು ಮಗು ಎಷ್ಟು ಸಲ ಮೂತ್ರ ಮಾಡಿತು ಅಂತ ಕೇಳುತ್ತೇನೆ, ಅದು ಕಡಿಮೆಯಾದರೆ ನಾಳದಲ್ಲಿ ನೀರು ಸಾಲುತ್ತಿಲ್ಲ ಅಂತ.

ಒಮ್ಮೆ ದೇವದುರ್ಗ ಕಡೆಯ ಅಜ್ಜಿಯೊಬ್ಬರು ಜ್ವರ ಬಿಟ್ಟ ಮೊಮ್ಮಗನನ್ನು ಕರೆದೊಯ್ಯಲು ಸಂಜೆ ಚೀಲ ಕಟ್ಟಿಕೊಂಡು ನಿಂತಿದ್ದರು. ಮೊದಲೆಲ್ಲ ಇಂಥ ಹೊತ್ತಲ್ಲಿ ನಾನು ಅಪಾಯದ ಮಾತೇ ಹೇಳುತ್ತಿದ್ದೆ. ಮನೆಯವರು ಹೆದರಿ, ಸಿಟ್ಟಾಗಿ, ನಮ್ಮದೇ ಜವಾಬ್ದಾರಿ ಅಂತ ಸಹಿ ಹಾಕಿ ಹೋಗಿಬಿಡುತ್ತಿದ್ದರು. ಈಗ ಮೊದಲು ಕೇಳುವುದು ಇಷ್ಟೇ: ‘ಮನೇಲಿ ಯಾರಿದ್ದಾರೆ ಅಮ್ಮಾ?’ ಸಣ್ಣ ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರು. ಕಡೇ ಬಸ್ಸಿಗೆ ಹುಡುಗನ ಅಪ್ಪ ಊರಿಗೆ ಹೋದರು, ಅಜ್ಜಿ ಉಳಿದರು.

ಅವರ ಕೈಯಿಂದಲೇ ಹುಡುಗನ ಬೆರಳ ತುದಿ ಒತ್ತಿಸಿದೆ. ಐದು ಎಣಿಸುವವರೆಗೆ ಒತ್ತಿ ಬಿಟ್ಟರೆ, ಬಿಳಿಚಿಕೊಂಡ ಉಗುರು ಎರಡು ಎಣಿಸುವಷ್ಟರಲ್ಲಿ ಮತ್ತೆ ಕೆಂಪಗಾಗಬೇಕು. ಆಗ ಸರಿಯಾಗೇ ಇತ್ತು. ನಡುರಾತ್ರಿ ಅಜ್ಜಿಯೇ ಸಿಸ್ಟರ್ ಹತ್ತಿರ ಓಡಿ ಬಂದರು. ‘ಬಣ್ಣ ಬರವಲ್ದು, ಕೈನೂ ತಣ್ಣಗ ಆಗೈತಿ.’ ತಕ್ಷಣ ಸಲೈನ್ ಏರಿಸಿದೆವು. ಕೆಲವು ದಿನ ಬಿಟ್ಟು ಹುಡುಗ ಊಟ ಕೇಳುತ್ತಾ ಮನೆಗೆ ಹೋದ.

ಎಷ್ಟು ಹೇಳಿದರೂ ಹೊರಟೇ ಹೋಗುವವರು ಇದ್ದಾರೆ. ಅವರಿಗೆ ಕನ್ನಡದಲ್ಲೇ ಚೀಟಿ ಬರೆದುಕೊಡುತ್ತೇನೆ: ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ತಣ್ಣನೆಯ ಕೈಕಾಲು, ಮಂಕು, ಎಲ್ಲೇ ರಕ್ತ ಕಂಡರೂ ತಕ್ಷಣ 108ಕ್ಕೆ ಫೋನ್ ಮಾಡಿ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ.

‘ಸಹಿ ಹಾಕಿ ಬಂದೀವಿ, ಈಗ ಯಾವ ಮುಖ ಇಟ್ಕೊಂಡು ಹೋಗೋದು’ ಅಂತ ಬೆಳಗಿನ ತನಕ ಕಾದವರನ್ನು ನೋಡಿದ್ದೇನೆ. ಅದಕ್ಕೇ ಚೀಟಿ ಕೊಡುವಾಗ ರಾತ್ರಿ ಡ್ಯೂಟಿಯ ಸಿಸ್ಟರನ್ನು ಕರೆದು ಪರಿಚಯ ಮಾಡಿಸುತ್ತೇನೆ. ಬಂದರೆ ಯಾರೂ ಬೈಯೋದಿಲ್ಲ ಅಂತ ಅವರ ಬಾಯಿಂದಲೇ ಹೇಳಿಸುತ್ತೇನೆ.